ರೆನ್ಫ್ಟ್ ಬ್ಯಾಂಡಿನ ಎರಡು ಎಲ್‌ಪಿ: ತಗೊಳ್ಳಿ, ಆದ್ರೆ ಎರಡನೇದನ್ನ ಮೊದಲು

ಪೂರ್ತಿ ಓದೋ ತಾಳ್ಮೆ ಇಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. 1974ರ 'ರೆನ್ಫ್ಟ್' ಅನ್ನೋ ಎಲ್‌ಪಿ ಕಣ್ಣು ಮುಚ್ಕೊಂಡು ತಗೊಳ್ಳಿ, 1973ರ 'ಕ್ಲೌಸ್ ರೆನ್ಫ್ಟ್ ಕಾಂಬೋ' ಎಲ್ಲಾದ್ರೂ ಒಂದ್ಸಲ ಕೇಳಿ ನೋಡಿ ಆಮೇಲೆ ದುಡ್ಡು ಬಿಚ್ಚಿ. ಐದಕ್ಕೆ ಎರಡನೇದಕ್ಕೆ ನಾಲ್ಕೂವರೆ, ಮೊದಲನೇದಕ್ಕೆ ಮೂರು ಕೊಡ್ತೀನಿ. ಎರಡೂ ಪೂರ್ವ ಜರ್ಮನಿಯ ಆಮಿಗಾ ಲೇಬಲ್‌ದು, ಅಂದ್ರೆ ಸರ್ಕಾರದ್ದೇ ಕಂಪನಿ, ಪಾಪ್ ಮ್ಯೂಸಿಕ್ ಅಂತ ಆ ದೇಶದಲ್ಲಿ ಇದ್ದಿದ್ದು ಅದೊಂದೇ ಲೇಬಲ್ಲು, ಅಲ್ಲಿ ಆಗ್ಲಿಲ್ಲ ಅಂದ್ರೆ ಇನ್ನೊಬ್ರ ಹತ್ರ ಹೋಗೋಣ ಅನ್ನೋ ಮಾತೇ ಇಲ್ಲ. ಈ ಒಂದು ವಿಷ್ಯ ತಲೇಲಿಟ್ಕೊಂಡು ಕೇಳಿದ್ರೆ ಡಿಸ್ಕ್ ಬೇರೆ ಥರಾನೇ ಕೇಳ್ಸುತ್ತೆ.

ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್, ಆನ್‌ಲೈನ್‌ನಲ್ಲಿ ಒಬ್ಬ ಮಾರ್ತಿದ್ದ, ಎರಡೂ ಒಂದೇ ಲಾಟಲ್ಲಿ. 'ಹೊಸದರ ಹಾಗೇ ಇದೆ' ಅಂತ ಹಾಕಿದ್ದ ಪುಣ್ಯಾತ್ಮ. ಮೊದಲನೇ ಡಿಸ್ಕಿನ ಮೊದಲ ಸೈಡ್ ಹಾಕಿದ್ರೆ ಸಾಸಿವೆ ಒಗ್ಗರಣೆ ಚಟಪಟ ಅಂದಂಗೆ ಸೌಂಡು, ಹಾಡು ಹಿಂದೆ ಎಲ್ಲೋ. ಎರಡನೇದು ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು. ಮೆಸೇಜ್ ಹಾಕಿದ್ರೆ 'ಹಳೇ ರೆಕಾರ್ಡ್ ಅಂದ್ಮೇಲೆ ಹಂಗೇ ಅಲ್ವಾ' ಅಂದ. ಸರಿ ಬಿಡಿ, ಮಾರೋನ ತಪ್ಪನ್ನ ಬ್ಯಾಂಡ್ ತಲೆ ಮೇಲೆ ಹಾಕೋದು ಬೇಡ, ಮೊದಲನೇದಕ್ಕೆ ನಾನು ಕೊಟ್ಟ ಮೂರಕ್ಕೂ ಆ ಚಟಪಟಕ್ಕೂ ಸಂಬಂಧ ಇಲ್ಲ, ಅದನ್ನ ಆಮೇಲೆ ಸಿಡಿಲಿ ಕೇಳಿದ್ಮೇಲೇ ಬರೀತಿರೋದು.

ಈಗ ಬ್ಯಾಂಡ್ ವಿಷ್ಯ. ಇವ್ರು ಲೈಪ್‌ಜಿಗ್ ಊರಿನೋರು. ಬರ್ಲಿನ್ ಅಲ್ಲ, ಹ್ಯಾಂಬರ್ಗ್ ಅಂತೂ ಅಲ್ಲವೇ ಅಲ್ಲ. ಬೀಟ್ ಅಂದ್ರೆ ಅರವತ್ತರ ದಶಕದ ಬೀಟಲ್ಸ್ ಥರದ ಗಿಟಾರ್ ಮ್ಯೂಸಿಕ್ಕು. ಜರ್ಮನ್ ಬೀಟ್ ಅಂದ್ರೆ ಎಲ್ರೂ ಹ್ಯಾಂಬರ್ಗಿನ ಸ್ಟಾರ್ ಕ್ಲಬ್, ಅಲ್ಲಿ ಆಡಿದ ಬೀಟಲ್ಸ್, ಅವ್ರನ್ನ ನೋಡ್ಕೊಂಡು ಬೆಳೆದ ರಾಟಲ್ಸ್, ಅಲ್ಲಿಗೆ ನಿಲ್ಲಿಸ್ಬಿಡ್ತಾರೆ. ರಾಟಲ್ಸ್‌ನೋರು 1966ರಲ್ಲಿ ಬೀಟಲ್ಸ್ ಜರ್ಮನಿ ಟೂರ್‌ನಲ್ಲಿ ಅದೇ ಸ್ಟೇಜಿನ ಮೇಲೆ ಆಡಿದ್ರು, ಅದೇ ಹೊತ್ತಿಗೆ ಗಡಿಯ ಈಚೆ ಲೈಪ್‌ಜಿಗ್‌ನಲ್ಲಿ ಗಿಟಾರ್ ಹಿಡಿದೋರಿಗೆ ಸ್ಟೇಜೇ ಇರ್ಲಿಲ್ಲ. ಕ್ಲೌಸ್ ರೆನ್ಫ್ಟ್, ಹುಟ್ಟು ಹೆಸರು ಕ್ಲೌಸ್ ಯೆಂಟ್ಷ್, ರೆನ್ಫ್ಟ್ ಅನ್ನೋದು ತಾಯಿ ಮನೆ ಕಡೆ ಹೆಸರು, 1942ರಲ್ಲಿ ಹುಟ್ಟಿದ್ದು, 1958ರಲ್ಲಿ ಅಂದ್ರೆ ಹದಿನಾರಕ್ಕೇ ಬ್ಯಾಂಡ್ ಕಟ್ದ. 1962ರಲ್ಲಿ ಅದನ್ನ ಬ್ಯಾನ್ ಮಾಡಿದ್ರು. ಮತ್ತೆ ಹುಡುಗ್ರನ್ನ ಸೇರಿಸ್ಕೊಂಡು 'ಬಟ್ಲರ್ಸ್' ಅಂತ ಇನ್ನೊಂದು ಕಟ್ದ. ಈ ಬಟ್ಲರ್ಸ್‌ನೇ ನಾನು ಬೀಟ್ ಬ್ಯಾಂಡ್ ಅನ್ನೋದು, ಎಲ್‌ಪಿ ಮಾಡಿದ ರೆನ್ಫ್ಟ್ ಅದರ ಎರಡನೇ ಜನ್ಮ.

ಆ ದೇಶದಲ್ಲಿ ಗಿಟಾರ್ ಕೊಂಡು ನಾಲ್ಕು ಜನ ಸೇರಿ ಹಾಲ್‌ನಲ್ಲಿ ಆಡ್ತೀವಿ ಅಂದ್ರೆ ಆಗ್ತಿರ್ಲಿಲ್ಲ. ಮೊದ್ಲು ಒಂದು ಕಮಿಷನ್ ಮುಂದೆ ನಿಂತು ಆಡಿ ತೋರಿಸ್ಬೇಕು, ಅವ್ರು ಗ್ರೇಡ್ ಕೊಡ್ತಾರೆ, ಆ ಗ್ರೇಡ್ ಮೇಲೆ ಗಂಟೆಗೆ ಎಷ್ಟು ದುಡ್ಡು ಅಂತ ಫಿಕ್ಸ್ ಆಗುತ್ತೆ, ಕಾರ್ಡ್ ಸಿಗುತ್ತೆ, ಕಾರ್ಡ್ ಇಲ್ದೆ ಆಡಿದ್ರೆ ಕಾನೂನು ಮುರಿದಂಗೆ. ಅದರ ಮೇಲೆ 60:40 ಅಂತ ಒಂದು ರೂಲು, 1958ರದ್ದು: ಒಂದು ಸಂಜೆ ಆಡೋ ಹಾಡಲ್ಲಿ ನೂರಕ್ಕೆ 60 ಸೋಷಿಯಲಿಸ್ಟ್ ದೇಶಗಳದ್ದಾಗಿರ್ಬೇಕು, ಪಶ್ಚಿಮದ್ದು 40 ದಾಟೋಂಗಿಲ್ಲ. ಹದಿನೆಂಟರ ಹುಡುಗ್ರು ಡ್ಯಾನ್ಸ್‌ಗೆ ಬಂದಿರೋದೇ ಆ ನಲವತ್ತಕ್ಕೆ ಅಂತ ಆಡೋರಿಗೂ ಗೊತ್ತು, ಕೇಳೋರಿಗೂ ಗೊತ್ತು, ಮೂಲೇಲಿ ಕೂತು ಬರ್ಕೊಳ್ತಿರೋನಿಗೂ ಗೊತ್ತು.

ಮಜಾ ಅಂದ್ರೆ ಮಧ್ಯದಲ್ಲಿ ಒಂದೆರಡು ವರ್ಷ ಸರ್ಕಾರಾನೇ ಬೆನ್ನು ತಟ್ಟಿತ್ತು. 1963ರಲ್ಲಿ ಪಾರ್ಟಿ, ಅಂದ್ರೆ ಅಲ್ಲಿ ಆಳ್ತಿದ್ದ ಕಮ್ಯುನಿಸ್ಟ್ ಪಾರ್ಟಿ, ಯುವಕರ ಬಗ್ಗೆ ಒಂದು ಹೇಳಿಕೆ ಹೊರಡಿಸ್ತು, ಹುಡುಗ್ರನ್ನ ಸ್ವಲ್ಪ ನಂಬೋಣ ಅನ್ನೋ ಧಾಟೀಲಿ, 1964ರ ಮೇನಲ್ಲಿ ಬರ್ಲಿನ್‌ನಲ್ಲಿ ದೊಡ್ಡ ಯುವಜನ ಮೇಳ ಮಾಡಿದ್ರು, ಅದಕ್ಕೇ ಅಂತ ಶುರುವಾದ ರೇಡಿಯೋ ಪ್ರೋಗ್ರಾಂ ಜನಕ್ಕೆ ಎಷ್ಟು ಹಿಡಿಸ್ತು ಅಂದ್ರೆ ಮೇಳ ಮುಗಿದ್ಮೇಲೂ ನಿಲ್ಲಿಸೋಕಾಗ್ಲಿಲ್ಲ. 1965ರಲ್ಲಿ ಆಮಿಗಾ ಬೀಟಲ್ಸ್ ಎಲ್‌ಪಿಯನ್ನೇ ಲೈಸೆನ್ಸ್ ತಗೊಂಡು ಬಿಡುಗಡೆ ಮಾಡ್ತು, 'ಬಿಗ್ ಬೀಟ್' ಅಂತ ತನ್ನದೇ ದೇಶದ ಬ್ಯಾಂಡ್‌ಗಳ ಸಂಕಲನಾನೂ ತಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಪಾರ್ಟಿ ಪೇಪರ್ ಬಟ್ಲರ್ಸ್ ಬಗ್ಗೆ ಹೊಗಳಿ ಬರೀತು. ಲೈಪ್‌ಜಿಗ್ ಹುಡುಗ್ರಿಗೆ ಇನ್ನೇನ್ ಬೇಕು ಹೇಳಿ, ಊರಿನ ಹೀರೋಗಳು ಬಟ್ಲರ್ಸ್, ಹಾಲ್ ತುಂಬ್ತಿತ್ತು, ಅವ್ರನ್ನ ನೋಡಿ ಗಲ್ಲಿಗೊಂದು ಗಿಟಾರ್ ಗುಂಪು.

ಏಪ್ರಿಲ್‌ನಲ್ಲಿ ಹೊಗಳಿಕೆ, ಅಕ್ಟೋಬರ್‌ನಲ್ಲಿ ಕತ್ತಿಗೆ ಕುತ್ತು. ನಡುವೆ ಆಗಿದ್ದು ಏನಪ್ಪಾ ಅಂದ್ರೆ, ಸೆಪ್ಟೆಂಬರ್ 15ಕ್ಕೆ ಪಶ್ಚಿಮ ಬರ್ಲಿನ್ನಿನ ವಾಲ್ಡ್‌ಬ್ಯೂನೆಯಲ್ಲಿ ರೋಲಿಂಗ್ ಸ್ಟೋನ್ಸ್ ಶೋ ಆದ್ಮೇಲೆ ಜನ ಬೆಂಚು ಮುರಿದು ಗಲಾಟೆ ಎಬ್ಬಿಸಿದ್ರು. ಅದು ಗೋಡೆಯ ಆಚೆ ಆದ ಗಲಾಟೆ, ಆದ್ರೆ ಈಚೆ ಕಡೆ ಬೀಟ್ ಅಂದ್ರೆ ಮೊದ್ಲಿಂದ್ಲೂ ಆಗದೇ ಇದ್ದ ಪಾರ್ಟಿ ದೊಡ್ಡೋರಿಗೆ ಅದೇ ಸಾಕಾಯ್ತು. ಅಕ್ಟೋಬರ್ 20ಕ್ಕೆ ಲೈಪ್‌ಜಿಗ್‌ನ ಪಾರ್ಟಿ ಪೇಪರಲ್ಲಿ ಬೀಟ್ ವಿರುದ್ಧ ದೊಡ್ಡ ಲೇಖನ, ಮಾರನೇ ದಿನ ಬಟ್ಲರ್ಸ್ ಲೈಸೆನ್ಸ್ ಕ್ಯಾನ್ಸಲ್. ಅವ್ರೊಬ್ರದ್ದೇ ಅಲ್ಲ, ಲೈಪ್‌ಜಿಗ್‌ನಲ್ಲಿ ರಿಜಿಸ್ಟರ್ ಆಗಿದ್ದ 58 ಬ್ಯಾಂಡಲ್ಲಿ 54ನ್ನ ಬಾಗಿಲು ಹಾಕ್ಸಿದ್ರು.

ಆಮೇಲಿನದು ನಿಜಕ್ಕೂ ಸಿನಿಮಾ ಥರ. ಊರಾಚೆಯ ಮಾರ್ಕ್‌ಕ್ಲೇಬರ್ಗ್‌ನ ಸ್ಕೂಲ್ ಹುಡುಗ್ರು ಮಕ್ಕಳ ಆಟದ ಪ್ರಿಂಟಿಂಗ್ ಸೆಟ್ ಇರುತ್ತಲ್ಲ, ರಬ್ಬರ್ ಅಕ್ಷರ ಜೋಡಿಸಿ ಅಚ್ಚೊತ್ತೋದು, ಅದ್ರಲ್ಲಿ ಒಂದೊಂದೇ ಚೀಟಿ ಒತ್ತಿ ಅಕ್ಟೋಬರ್ 31ಕ್ಕೆ ಪ್ರತಿಭಟನೆಗೆ ಬನ್ನಿ ಅಂತ ಹಂಚಿದ್ರು. ಆ ಚೀಟಿ ಎಷ್ಟು ಜನಕ್ಕೆ ತಲುಪೋದು ಹೇಳಿ? ಆದ್ರೆ ಸ್ಕೂಲ್‌ಗಳಲ್ಲಿ ಮೇಷ್ಟ್ರುಗಳು ನಿಂತು 'ಆ ದಿನ ಯಾರೂ ಆ ಕಡೆ ಹೋಗ್ಬಾರ್ದು' ಅಂತ ವಾರ್ನಿಂಗ್ ಕೊಟ್ರು ನೋಡಿ, ಗೊತ್ತಿಲ್ದೋರಿಗೂ ಗೊತ್ತಾಯ್ತು. ಭಾನುವಾರ ವಿಲ್‌ಹೆಲ್ಮ್ ಲಾಯ್ಷ್ನರ್ ಪ್ಲಾಟ್ಸ್‌ನಲ್ಲಿ 2,500 ಜನದಷ್ಟು ಸೇರಿದ್ರು, ಅದ್ರಲ್ಲಿ ನಿಜವಾದ ಬೀಟ್ ಅಭಿಮಾನಿಗಳಿಗಿಂತ ಮಫ್ತಿ ಪೊಲೀಸ್ರು, ಪಾರ್ಟಿ ಕಡೆಯೋರೇ ಜಾಸ್ತಿ. ಬ್ಯಾನರ್ ಇಲ್ಲ, ಭಾಷಣ ಇಲ್ಲ, ಹುಡುಗ್ರು ಸುಮ್ನೆ ನಿಂತಿದ್ರು ಅಷ್ಟೇ. ನೀರಿನ ಫಿರಂಗಿ, ನಾಯಿ, ಲಾಠಿ ಎಲ್ಲಾ ಬಂತು. 260ಕ್ಕೂ ಜಾಸ್ತಿ ಜನ ಅರೆಸ್ಟ್, ಅದ್ರಲ್ಲಿ ನೂರರ ಹತ್ರ ಹುಡುಗ್ರನ್ನ ಊರ ದಕ್ಷಿಣದ ಕಂದು ಕಲ್ಲಿದ್ದಲು ಗಣಿಗೆ ದುಡಿಯೋಕೆ ಕಳಿಸಿದ್ರು. ಒಂದು ಲೋಕಲ್ ಬ್ಯಾಂಡ್ ಬ್ಯಾನ್ ಆಗಿದ್ದಕ್ಕೆ ಬೇಜಾರಾಗಿ ಚೌಕದಲ್ಲಿ ನಿಂತಿದ್ದಕ್ಕೆ! ಡಿಸೆಂಬರ್‌ನಲ್ಲಿ ಪಾರ್ಟಿ ಸೆಂಟ್ರಲ್ ಕಮಿಟಿ ಸೇರಿದಾಗ ಅಲ್ಲಿನ ನಾಯಕ ವಾಲ್ಟರ್ ಉಲ್‌ಬ್ರಿಷ್ಟ್ ಆ 'ಯೇ ಯೇ ಯೇ' ಏಕತಾನ ಸಾಕು, ಪಶ್ಚಿಮದಿಂದ ಬರೋ ಕಸ ಎಲ್ಲಾ ನಾವು ಕಾಪಿ ಹೊಡೀಬೇಕಾ ಅನ್ನೋ ಅರ್ಥದಲ್ಲಿ ಮಾತಾಡಿದ್ದು ಈಗ್ಲೂ ಜರ್ಮನಿಯಲ್ಲಿ ಎಲ್ರಿಗೂ ಬಾಯಿಪಾಠ. ಅಲ್ಲಿಗೆ ಬೀಟ್ ಕತೆ ಮುಗೀತು, ಸದ್ಯಕ್ಕೆ.

ರಿವ್ಯೂ ಅಂತ ಹೇಳಿ ಹಿಸ್ಟರಿ ಕ್ಲಾಸ್ ತಗೊಳ್ತಿದಾನೆ ಅನ್ಬೇಡಿ, ಕಾರಣ ಇದೆ. ಬಟ್ಲರ್ಸ್ ಕೇಳ್ಬೇಕು ಅಂತ ಹೊರಟೋರಿಗೆ ಸಿಗೋದು ಆ 'ಬಿಗ್ ಬೀಟ್' ಕಾಲದ ಬೆರಳೆಣಿಕೆಯ ಟ್ರ್ಯಾಕು, ಅವೂ ಬರೀ ಇನ್‌ಸ್ಟ್ರುಮೆಂಟಲ್. ಕೇಳಿದೀನಿ. ಗಿಟಾರ್ ಸ್ವಚ್ಛವಾಗಿದೆ, ಇಂಗ್ಲೆಂಡಿನ ಗಿಟಾರ್ ಬ್ಯಾಂಡ್ ಶ್ಯಾಡೋಸ್ ಥರದ ಸೌಂಡು, ತಾಳ ಎಲ್ಲೂ ತಪ್ಪಲ್ಲ, ಸಭ್ಯವಾಗಿದೆ, ಅದೇ ಪ್ರಾಬ್ಲಮ್ಮು. ಇದಕ್ಕೋಸ್ಕರ ಹುಡುಗ್ರು ಗಣಿಗೆ ಹೋದ್ರಾ ಅನ್ಸುತ್ತೆ. ಹಾಲಲ್ಲಿ ಜನ ಹುಚ್ಚೆದ್ದು ಕುಣಿದ ಬಟ್ಲರ್ಸ್ ಬೇರೆ, ಸ್ಟುಡಿಯೋಗೆ ಬಂದಾಗ ಬಾಯಿ ಮುಚ್ಕೊಂಡು ಆಡಿದ ಬಟ್ಲರ್ಸ್ ಬೇರೆ, ನಮಗೆ ಉಳಿದಿರೋದು ಎರಡನೇದು ಮಾತ್ರ. ಆದ್ರಿಂದ ಬಟ್ಲರ್ಸ್ ಹೆಸರಿಗೆ ಅಂತ ಆ ಹಳೇ ಸಂಕಲನಕ್ಕೆ ಜಾಸ್ತಿ ದುಡ್ಡು ಸುರೀಬೇಡಿ, ಕಲೆಕ್ಟರ್ ಆಗಿದ್ರೆ ನಿಮ್ಮಿಷ್ಟ.

1967ರಲ್ಲಿ ರೆನ್ಫ್ಟ್‌ಗೆ ಮತ್ತೆ ಆಡೋಕೆ ಪರ್ಮಿಷನ್ ಸಿಕ್ತು, ಇಂಗ್ಲಿಷ್ ಹೆಸರು ಬಿಟ್ಟು ಕ್ಲೌಸ್ ರೆನ್ಫ್ಟ್ ಕಾಂಬೋ ಅಂತ. 1971ಕ್ಕೆ ಉಲ್‌ಬ್ರಿಷ್ಟ್ ಹೋಗಿ ಹೊನೆಕರ್ ಬಂದ್ಮೇಲೆ ಗಾಳಿ ಸ್ವಲ್ಪ ತಿಳಿಯಾಯ್ತು, 1973ರ ಬೇಸಿಗೇಲಿ ಬರ್ಲಿನ್‌ನಲ್ಲಿ ವಿಶ್ವ ಯುವಜನೋತ್ಸವ ಬೇರೆ ಇತ್ತು, ನಮ್ಮಲ್ಲೂ ರಾಕ್ ಇದೆ ನೋಡಿ ಅಂತ ಜಗತ್ತಿಗೆ ತೋರಿಸ್ಬೇಕಿತ್ತು. ಅಂಥಾ ಹೊತ್ತಲ್ಲಿ ಬಂದಿದ್ದು ಮೊದಲ ಎಲ್‌ಪಿ. ಆಗಿನ ಲೈನಪ್ ಹೇಳ್ಲೇಬೇಕು: ಬೇಸ್‌ಗೆ ರೆನ್ಫ್ಟ್, ಹಾಡೋಕೆ ಥಾಮಸ್ 'ಮಾನ್‌ಸ್ಟರ್' ಶೊಪ್ಪೆ, ಗಿಟಾರ್, ಕೊಳಲು, ಜೊತೆಗೆ ಹಾಡು ಅಂತ ಪೀಟರ್ 'ಸೀಸರ್' ಗ್ಲೇಸರ್, ಕೀಬೋರ್ಡ್‌ಗೆ ಕ್ರಿಸ್ಟಿಯಾನ್ 'ಕೂನೋ' ಕುನರ್ಟ್, ಪೀಟರ್ 'ಪ್ಯೋಟರ್' ಕ್ಷೆಂಟ್ಸ್, ಡ್ರಮ್ಸ್‌ಗೆ ಯೋಖೆನ್ ಹೋಲ್. ಕೂನೋ ಚಿಕ್ಕೋನಿದ್ದಾಗ ಲೈಪ್‌ಜಿಗ್‌ನ ಥೋಮಾನರ್ ಕಾಯರ್‌ನಲ್ಲಿ ಹಾಡ್ತಿದ್ದೋನು, ಬಾಖ್ ಮುನ್ನಡೆಸಿದ ಅದೇ ಚರ್ಚ್ ಕಾಯರು. ಹಾರ್ಮನಿ ಬಂದಾಗೆಲ್ಲ ಅದು ಕೇಳ್ಸುತ್ತೆ, ಬೀಟ್ ಬ್ಯಾಂಡಿನ ಹುಡುಗ್ರು ಇಷ್ಟು ನೆಟ್ಟಗೆ ಕೂಡಿ ಹಾಡೋದು ಎಲ್ಲಿಂದ ಕಲಿತ್ರು ಅಂತ ತಲೆ ಕೆಡಿಸ್ಕೊಂಡಿದ್ದೆ, ಇದು ಗೊತ್ತಾದ್ಮೇಲೆ ಓಹೋ ಅನ್ಸ್ತು.

ಮೊದಲ ಎಲ್‌ಪಿ ಏಕೆ ಮೂರೇ? ಕಾರಣ, ಅದು ಅತ್ತ ಇತ್ತ ಎಳೆದಾಡುತ್ತೆ. ಒಂದು ಹಾಡು ಕಮಿಷನ್‌ನೋರು ಖುಷಿಯಾಗಲಿ ಅಂತ, ಇನ್ನೊಂದು ತಮಗೋಸ್ಕರ. ಕೆಲವು ಕಡೆ ಒಂದೇ ಹಾಡಲ್ಲೇ ಎರಡೂ. ಉದಾಹರಣೆಗೆ 'ವೇರ್ ಡೀ ರೋಜೆ ಏರ್ಟ್', ಈ ಡಿಸ್ಕಿನ ಅತಿ ಫೇಮಸ್ ಹಾಡು, ಗುಲಾಬಿಗೆ ಮರ್ಯಾದೆ ಕೊಡೋನು ಅದರ ಮುಳ್ಳಿಗೂ ಕೊಡ್ತಾನೆ, ಗುಲಾಬಿಗೆ ಅಪಾಯ ಇರೋವರೆಗೂ, ಅನ್ನೋ ಥರ ಸಾಹಿತ್ಯ. ಬರೆದಿದ್ದು ಕುರ್ಟ್ ಡೆಮ್ಲರ್. ಪಾರ್ಟಿಯೋನು ಕೇಳಿದ್ರೆ ಸೋಷಿಯಲಿಸಂ ಕಾಯೋಕೆ ಬಂದೂಕು ಬೇಕು ಅಂತ ತಲೆದೂಗ್ತಾನೆ, ಹುಡುಗ ಹುಡುಗಿ ಕೇಳಿದ್ರೆ ಅದೊಂದು ನಿಧಾನದ ಲವ್ ಸಾಂಗು, ಇನ್ನೂ ಸ್ವಲ್ಪ ತಲೆಹರಟೆ ಹುಡುಗ ಕೇಳಿದ್ರೆ ಮುಳ್ಳು ನಾವೇ ಅಂದ್ಕೋತಾನೆ. ಮೂರೂ ಜನ ಒಂದೇ ರೆಕಾರ್ಡ್ ಕೊಂಡ್ಕೊಳ್ತಾರೆ. ಟ್ಯೂನ್ ಬಗ್ಗೆ ಎರಡು ಮಾತಿಲ್ಲ, ಜರ್ಮನ್ ಒಂದಕ್ಷರ ಬರ್ದೇ ಇದ್ರೂ ಸಂಜೆ ಹೊತ್ತು ಗುನುಗ್ತೀರಿ. ಇನ್ನೊಂದು 'ಜ್ವಿಷೆನ್ ಲೀಬೆ ಉಂಟ್ ಜೋರ್ನ್', ಪ್ರೀತಿ ಕೋಪದ ನಡುವೆ ಅಂತ, ಕ್ರಾಂತಿ ಅನ್ನೋದು ಹೊಟ್ಟೆ ತುಂಬಿ ಕೂತೋರಿಗೆ ಹಾಸಿಗೆನೂ ಅಲ್ಲ ಸಿಂಹಾಸನಾನೂ ಅಲ್ಲ ಅಂತ ಅದರಲ್ಲಿ ಬರುತ್ತೆ. ಸರ್ಕಾರಿ ಲೇಬಲ್‌ನಲ್ಲಿ ಇದು ಹೆಂಗೆ ಪಾಸಾಯ್ತೋ, 'ಕ್ರಾಂತಿ' ಪದ ನೋಡಿ ಸೀಲ್ ಒತ್ತಿರ್ಬೇಕು ಯಾರೋ. ಆ ಎರಡು ಹಾಡಿಗೆ ಎರಡು ಮಾರ್ಕು, ಮಿಕ್ಕಿದ್ದಕ್ಕೆಲ್ಲಾ ಸೇರಿ ಒಂದು.

1974ರದ್ದು ಮಾತ್ರ ಬೇರೆ ಲೆವೆಲ್. ಗೆರುಲ್ಫ್ ಪನ್ನಾಖ್ ಅನ್ನೋ ಕವಿ ಈ ಬ್ಯಾಂಡಿಗೆ ಬರೆದ ಸಾಹಿತ್ಯ ಇಲ್ಲಿ ಗಟ್ಟಿಯಾಗಿ ಕೂತಿದೆ, ಬ್ಯಾಂಡೂ ಯಾರನ್ನೂ ಮೆಚ್ಚಿಸೋ ಗೋಜಿಗೆ ಹೋಗಿಲ್ಲ ಅನ್ಸುತ್ತೆ. 'ಆಲ್ಸ್ ಇಷ್ ವೀ ಐನ್ ಫೋಗೆಲ್ ವಾರ್' ಕೇಳಿ, ನಾನು ಹಕ್ಕಿ ಥರ ಇದ್ದಾಗ ಅನ್ನೋ ಹಾಡು, ಮಾನ್‌ಸ್ಟರ್ ಗಂಟಲು ಅಲ್ಲಿ ಹರಿದ ಬಟ್ಟೆ ಥರ, ಮೇಲಕ್ಕೆ ಹೋದಷ್ಟೂ ಎಳೆ ಬಿಡುತ್ತೆ, ಚೆಂದದ ಧ್ವನಿ ಅಂತ ಯಾರೂ ಹೇಳಲ್ಲ, ಆದ್ರೆ ಗಡಿ ದಾಟೋಕೆ ಆಗದೇ ಇರೋ ದೇಶದಲ್ಲಿ ಒಬ್ಬ ಹಕ್ಕಿ ಅಂತ ಬಾಯಿ ತೆರೆದ್ರೆ ಚೆಂದದ ಧ್ವನಿ ತಗೊಂಡು ಏನ್ ಮಾಡೋದು. ಆಮೇಲೆ 'ಆಪ್‌ಫೆಲ್‌ಟ್ರೌಮ್', ಸೀಸರ್ ಹಾಡೋದು, ಮಾನ್‌ಸ್ಟರ್‌ಗೆ ಪೂರ್ತಿ ಉಲ್ಟಾ, ಮೆತ್ತಗೆ, ಮಗ್ಗುಲಲ್ಲಿ ಕೂತು ಹೇಳ್ದಂಗೆ. ಒಂದೇ ಬ್ಯಾಂಡಲ್ಲಿ ಇಂಥಾ ಎರಡು ಗಂಟಲು ಇರೋದೇ ಅದೃಷ್ಟ. 'ಗೆನ್ಸೆಲೀಷೆನ್' ಅಂತ ಇನ್ನೊಂದಿದೆ, ಬಾತು ಕಾಯೋ ಹುಡುಗಿ ಮೇಲೆ, ಅಲ್ಲಿ ಅದು ದೊಡ್ಡ ಹಿಟ್, ನನಗೆ ಮಾತ್ರ ಸ್ವಲ್ಪ ಚೇಷ್ಟೆ ಜಾಸ್ತಿ ಆಯ್ತು, ಅದಕ್ಕೇ ಅರ್ಧ ಮಾರ್ಕ್ ಕಟ್.

ರೆಕಾರ್ಡಿಂಗ್ ಕ್ವಾಲಿಟಿ ಬಗ್ಗೆ ಕೇಳೋರಿಗೆ: ಅದೇ ವರ್ಷದ ಲಂಡನ್ ರೆಕಾರ್ಡ್ ಪಕ್ಕ ಇಟ್ಟು ಕೇಳಿದ್ರೆ ಡ್ರಮ್ಸ್ ಸ್ವಲ್ಪ ಡಬ್ಬಿ, ಬೇಸ್ ಕಮ್ಮಿ. ಆದ್ರೆ ಗಾಯನ ಮುಂದಿದೆ, ಮಾತು ಒಂದೊಂದೂ ಸ್ಪಷ್ಟ. ಮಾತಿಗೇ ಜನ ದುಡ್ಡು ಕೊಡ್ತಿದ್ರು ಅಲ್ವಾ. ಎಲ್‌ಪಿಗೆ ಆಗ ಅಲ್ಲಿ 16 ಮಾರ್ಕ್ 10 ಫೆನ್ನಿಗ್, ಎಲ್ಲಾ ಅಂಗಡೀಲೂ ಅದೇ ರೇಟು.

ಈಗ ಈ ಎರಡು ಡಿಸ್ಕಿನ ದೊಡ್ಡ ಕೊರತೆಗೆ ಬರೋಣ. ಈ ಬ್ಯಾಂಡಿನ ಅತಿ ಧೈರ್ಯದ ಹಾಡುಗಳು ಎರಡರಲ್ಲೂ ಇಲ್ಲ. ಪನ್ನಾಖ್ ಬರೆದ 'ಸಣ್ಣ ಓಟೋನ ರಾಕ್ ಬಲ್ಲಾಡ್', ಪಶ್ಚಿಮಕ್ಕೆ ಹೋಗೋ ಆಸೆ ಹೊತ್ತ ಹುಡುಗನ ಕತೆ. ಇನ್ನೊಂದು 'ಗ್ಲೌಬೆನ್ಸ್‌ಫ್ರಾಗೆನ್', ಸೇನೆಗೆ ಸೇರಿದ್ರೂ ಕೈಗೆ ಬಂದೂಕು ತಗೊಳ್ಳಲ್ಲ ಅನ್ನೋ ಸೈನಿಕರನ್ನ ಅಲ್ಲಿ ಸನಿಕೆ ಕೊಟ್ಟು ಕಟ್ಟಡ ಕೆಲಸಕ್ಕೆ ಹಾಕ್ತಿದ್ರು, ಅವ್ರ ಬಗ್ಗೆ. ಇವನ್ನ ಸ್ಟೇಜಲ್ಲಿ ಆಡಿದ್ದೇ ತಪ್ಪಾಯ್ತು. 1975ರ ಸೆಪ್ಟೆಂಬರ್ 22ಕ್ಕೆ ಲೈಪ್‌ಜಿಗ್‌ನ ಕಮಿಷನ್ ಮುಂದೆ ಹಾಜರಾದಾಗ ಬ್ಯಾನ್ ಅನ್ನೋ ಪದ ಕೂಡ ಬಳಸ್ಲಿಲ್ಲ, ನಿಮ್ಮ ಬ್ಯಾಂಡ್ ಇನ್ಮೇಲೆ ಅಸ್ತಿತ್ವದಲ್ಲಿಲ್ಲ ಅಂತ ಮುಖಕ್ಕೆ ಹೇಳಿ ಕಳಿಸಿದ್ರು. ಮುಂದೆ ನಿಂತಿರೋ ಆರು ಜನಕ್ಕೆ ನೀವಿಲ್ಲ ಅನ್ನೋದು! ರೆನ್ಫ್ಟ್ ಗುಟ್ಟಾಗಿ ಬ್ಯಾಗಲ್ಲಿ ಟೇಪ್ ರೆಕಾರ್ಡರ್ ಇಟ್ಕೊಂಡು ಆ ಮೀಟಿಂಗ್ ರೆಕಾರ್ಡ್ ಮಾಡಿದ್ದ, ಇಲ್ದಿದ್ರೆ ಈ ಮಾತನ್ನ ಯಾರೂ ನಂಬ್ತಿರ್ಲಿಲ್ಲ. ಆಮೇಲೆ ರೇಡಿಯೋದಲ್ಲಿ ಅವ್ರ ಹಾಡಿಲ್ಲ, ಅಂಗಡೀಲಿ ಎಲ್‌ಪಿ ಇಲ್ಲ.

ಮುಂದಿನದು ಚೂರುಚೂರು. ರೆನ್ಫ್ಟ್ 1976ರಲ್ಲಿ ಪಶ್ಚಿಮ ಬರ್ಲಿನ್‌ಗೆ ಹೋದ. ಸೀಸರ್, ಹೋಲ್ ಸೇರಿ ಪೂರ್ವದಲ್ಲೇ ಉಳಿದು 'ಕರುಸೆಲ್' ಅನ್ನೋ ಬ್ಯಾಂಡಲ್ಲಿ ಮುಂದುವರಿದ್ರು, ಅದು ಚೆನ್ನಾಗೇ ನಡೀತು. ಪನ್ನಾಖ್, ಕೂನೋ ಇಬ್ರನ್ನೂ 1976ರ ನವೆಂಬರ್‌ನಲ್ಲಿ, ಗಾಯಕ ವೋಲ್ಫ್ ಬೀರ್‌ಮನ್‌ನ ಪೌರತ್ವ ಕಿತ್ಕೊಂಡ ಗಲಾಟೆ ಸಮಯದಲ್ಲಿ, ಜೈಲಿಗೆ ಹಾಕಿದ್ರು, 1977ರ ಆಗಸ್ಟ್‌ನಲ್ಲಿ ಪಶ್ಚಿಮಕ್ಕೆ ದಬ್ಬಿದ್ರು. ಮಾನ್‌ಸ್ಟರ್ ಕೂಡ ಆಮೇಲೆ ಹೋದ. ಗೋಡೆ ಬಿದ್ಮೇಲೆ 1990ರಲ್ಲಿ ಮತ್ತೆ ಸೇರಿದ್ರು, ಜಗಳ ಆಡಿದ್ರು, ಮತ್ತೆ ಸೇರಿದ್ರು, ಬ್ಯಾಂಡ್ ಅಂದ್ಮೇಲೆ ಅದೆಲ್ಲ ಮಾಮೂಲಿ. ಪನ್ನಾಖ್ 1998ರಲ್ಲಿ ಹೋದ, ರೆನ್ಫ್ಟ್ 2006ರಲ್ಲಿ, ಸೀಸರ್ 2008ರಲ್ಲಿ. ಆ ಬ್ಯಾನ್ ಆದ ಹಾಡುಗಳು ಸಿಡಿಲಿ ಬಂದಿದ್ದೆಲ್ಲಾ 1990ರ ಈಚೆಗೆ.

ಹಂಗಾಗಿ ನನ್ನ ಸಲಹೆ. ಮೊದ್ಲು 1974ರದ್ದು, ವಿನೈಲ್ ಸಿಕ್ಕಿದ್ರೆ ವಿನೈಲ್, ಆದ್ರೆ ಮಾರೋನ ಹತ್ರ ಡಿಸ್ಕ್ ಮೇಲೆ ಲೈಟ್ ಬಿದ್ದಿರೋ ಫೋಟೋ ಕೇಳಿ, ಕವರ್ ಫೋಟೋ ನೋಡಿ ಮೋಸ ಹೋಗ್ಬೇಡಿ. ಕವರ್ ಮೂಲೆ ಹರಿದಿದ್ರೆ ಪರ್ವಾಗಿಲ್ಲ, ಮೇಲೆ ಯಾರದ್ದೋ ಹೆಸರು ಪೆನ್ನಲ್ಲಿ ಬರೆದಿದ್ರೂ ಪರ್ವಾಗಿಲ್ಲ, ನನ್ನದ್ರಲ್ಲೂ ಇದೆ. ಅಲ್ಲಿನ ಜನ ಇವನ್ನ ಮನೆ ಮನೆಗೆ ಕೊಟ್ಟು ತಗೊಂಡು ಸವೆಸಿರೋದ್ರಿಂದ ಗೆರೆ ಇಲ್ದಿರೋ ಕಾಪಿ ಸಿಗೋದೇ ಕಷ್ಟ, ಸಿಕ್ಕಿದ್ರೆ ರೇಟೂ ಹಂಗೇ ಇರುತ್ತೆ. ಆಮೇಲೆ ಬ್ಯಾನ್ ಆದ ಹಾಡುಗಳಿರೋ ಸಿಡಿ ಯಾವುದಾದ್ರೂ ಒಂದು, ಸೌಂಡ್ ಹೆಂಗಿದ್ರೂ ಸರಿ. 1973ರದ್ದು ಕೊನೆಗೆ, ಅದನ್ನ ಸಿಡಿಲೇ ತಗೊಳ್ಳಿ. ಮತ್ತೆ ಸಾಹಿತ್ಯ ಪಕ್ಕ ಇಟ್ಕೊಳ್ದೇ ಕೇಳಿ 'ಏನಪ್ಪಾ ಇದು ಸಾಧಾರಣ ಎಪ್ಪತ್ತರ ರಾಕು' ಅಂತ ಒಂದು ಸ್ಟಾರ್ ಕೊಟ್ಟು ಬರೋರು ಇದಾರೆ, ಅವ್ರ ರಿವ್ಯೂ ನಂಬ್ಕೊಂಡು ಬಿಡ್ಬೇಡಿ.